ಕತ್ತಲಲ್ಲಿ ಕಂಡ ಜಡ್

ದೀಪಗಳೆಲ್ಲ ಒಮ್ಮೆಗೇ ಆರಿದವು. ಅಲ್ಲಿಯವರೆಗೆ ರಂಗದ ಮೇಲೂ ನಮ್ಮ ಮೇಲೂ ಒಂದೇ ಬೆಳಕಿತ್ತು. ಎದುರು ಸಾಲಿನ ಅಜ್ಜಿ ಕನ್ನಡಕ ಒರೆಸಿಕೊಳ್ಳುವುದೂ ನನಗೆ ಕಾಣುತ್ತಿತ್ತು. ಈಗ ನನ್ನ ಕೈ ನನಗೇ ಕಾಣದಂಥ ಕತ್ತಲು. ಅದರೊಳಗೆ ಇಬ್ಬರು ಗಂಡಸರು ಮೈಕಿಗೆ ತುಟಿ ತಾಗಿಸಿದಂತೆ ಮೆಲ್ಲಗೆ ಮಾತಾಡುತ್ತಿದ್ದರು. ಒಬ್ಬ ಕರ್ಲಿ, ಊರಿಗೆಲ್ಲ ಬೇಕಾದ ದನಗಾಹಿ ಹುಡುಗ. ಇನ್ನೊಬ್ಬ ಜಡ್ ಫ್ರೈ, ಲೋರಿ ಎಂಬ ಹುಡುಗಿಯ ಹೊಲದ ಕೂಲಿಯಾಳು. ಮಾಂಸಕ್ಕೆ ಹೊಗೆ ಹಾಕುವ ಕೋಣೆಯೇ ಅವನ ಮನೆ. ಇಬ್ಬರಿಗೂ ಲೋರಿಯ ಮೇಲೆ ಮನಸ್ಸು. ನೀನು ಸತ್ತರೆ ಊರೆಲ್ಲ ಅತ್ತೀತು ಎಂದು ಕರ್ಲಿ ಪುಸಲಾಯಿಸುತ್ತಾನೆ, ಹಗ್ಗ ಹಾಕಲು ಮೇಲೆ ಕೊಕ್ಕೆಯೂ ಇದೆ ಎನ್ನುತ್ತಾನೆ, ಆಮೇಲೆ ಜಡ್‌ನ ಶವಸಂಸ್ಕಾರವನ್ನೇ ಹಾಡಾಗಿ ಹಾಡುತ್ತಾನೆ.

“ಇಲ್ಲಿ ಎಲ್ಲರೂ ನಗ್ತಾರೆ ನೋಡಿ ಚಿಕ್ಕಮ್ಮ” ಎಂದು ಪಕ್ಕದಲ್ಲಿದ್ದ ಅಕ್ಕನ ಮಗಳು ಆಗಷ್ಟೇ ಪಿಸುಗುಟ್ಟಿದ್ದಳು. ಯಾರೂ ನಗಲಿಲ್ಲ. ಗೋಡೆಯ ಮೇಲೆ ಜಡ್‌ನ ಮುಖ ಮೂಡಿತು: ಕತ್ತಲಲ್ಲೇ ಯಾರೋ ಹಿಡಿದಿದ್ದ ಕ್ಯಾಮೆರಾದಿಂದ ಬಂದ ಕಪ್ಪು ಬಿಳುಪು ಚಿತ್ರ, ಆಳೆತ್ತರವನ್ನೂ ಮೀರಿದ್ದು. ತನ್ನ ಸಾವಿಗೆ ಜನ ಅಳುತ್ತಾರಂತೆ ಎಂಬ ಮಾತನ್ನು ಆ ಮುಖ ನಂಬುತ್ತಿತ್ತು. ಹಾಗೆ ನಂಬುವುದನ್ನು ಅಷ್ಟು ಹತ್ತಿರದಿಂದ ನೋಡುವುದು ಸುಲಭವಲ್ಲ. ಹುಡುಗಿ ನನ್ನ ಕೈ ಹಿಡಿದುಕೊಂಡಳು.

ಇದು 2019ರ ನವೆಂಬರ್, ನ್ಯೂಯಾರ್ಕಿನ ಸರ್ಕಲ್ ಇನ್ ದಿ ಸ್ಕ್ವೇರ್ ರಂಗಮಂದಿರ, ನಾಟಕ ‘ಓಕ್ಲಹೋಮ!’. ಅಮೆರಿಕದಲ್ಲಿ ಬೆಳೆದ ಮಗುವಿಗೆ ಈ ಹೆಸರು ಹೊಸದಲ್ಲ. ನ್ಯೂಜೆರ್ಸಿಯ ತನ್ನ ಶಾಲೆಯಲ್ಲಿ ನಮ್ಮ ಹುಡುಗಿಯೇ ಇದರ ಮೇಳದಲ್ಲಿ ಹಾಡಿದ್ದಳು. ರಿಚರ್ಡ್ ರಾಜರ್ಸ್ ಸಂಗೀತ, ಆಸ್ಕರ್ ಹ್ಯಾಮರ್‌ಸ್ಟೈನ್ ಮಾತು ಮತ್ತು ಪದ್ಯ. 1943ರ ಮಾರ್ಚ್ 31ರಂದು ಬ್ರಾಡ್ವೇಯಲ್ಲಿ ತೆರೆಕಂಡು 2,212 ಪ್ರದರ್ಶನ ಕಂಡದ್ದು. ಹಾಡು, ಕುಣಿತ, ಕಥೆ ಮೂರೂ ಒಂದೇ ಹೆಣಿಗೆಯಾಗಿ ಬರಬೇಕು ಎಂಬ ಪಾಠವನ್ನು ಅಲ್ಲಿಯ ಸಂಗೀತ ನಾಟಕ ಕಲಿತದ್ದು ಇದರಿಂದ ಎನ್ನುತ್ತಾರೆ. ಯುದ್ಧದ ವರ್ಷಗಳಲ್ಲಿ ಬಂದು ದೇಶಕ್ಕೆ ಧೈರ್ಯ ತುಂಬಿದ ನಾಟಕವೆಂಬ ಪ್ರೀತಿ ಬೇರೆ. ಅದರ ಮುಖ್ಯ ಹಾಡು 1953ರಲ್ಲಿ ಓಕ್ಲಹೋಮ ರಾಜ್ಯದ ನಾಡಗೀತೆಯೇ ಆಯಿತು.

ಇಂಥ ನಾಟಕವನ್ನು ಇಷ್ಟು ಕತ್ತಲೆಗೆ ಇಳಿಸಿದ ನಿರ್ದೇಶಕ ಡೇನಿಯಲ್ ಫಿಶ್. ನನ್ನನ್ನು ಆ ರಾತ್ರಿ ನಿದ್ದೆಗೆಡಿಸಿದ್ದು ಈ ಪ್ರಯೋಗದ ಹುಟ್ಟು ಎಲ್ಲಿ ಎಂಬ ಸಂಗತಿ. ಅದು ಹುಟ್ಟಿದ್ದು ಬ್ರಾಡ್ವೇಯಲ್ಲಲ್ಲ, ಒಂದು ಕಾಲೇಜಿನಲ್ಲಿ. 2007ರಲ್ಲಿ ಬಾರ್ಡ್ ಕಾಲೇಜಿನ ನಾಟಕ ವಿಭಾಗವನ್ನು ನಡೆಸುತ್ತಿದ್ದವರು ಜೋಆನ್ ಅಕಲೈಟಿಸ್. ‘ಮಾಬು ಮೈನ್ಸ್’ ಎಂಬ ಪ್ರಯೋಗಶೀಲ ತಂಡ ಕಟ್ಟಿದವರಲ್ಲಿ ಒಬ್ಬರು. ಅವರ ಕರೆಯ ಮೇಲೆ ಬಂದ ಫಿಶ್, ಪದವಿ ಓದುತ್ತಿದ್ದ ಮಕ್ಕಳನ್ನು ಕಟ್ಟಿಕೊಂಡು ‘ಓಕ್ಲಹೋಮ!’ ಆಡಿಸಿದರು. 2015ರಲ್ಲಿ ಅದೇ ಆವರಣದ ಬೇಸಿಗೆ ಉತ್ಸವಕ್ಕೆ ವೃತ್ತಿ ನಟರೊಂದಿಗೆ ಮತ್ತೆ ಕಟ್ಟಿದರು. 2018ರಲ್ಲಿ ಬ್ರೂಕ್ಲಿನ್ನಿನ ಸೇಂಟ್ ಆ್ಯನ್ಸ್ ವೇರ್‌ಹೌಸ್, 2019ರಲ್ಲಿ ಬ್ರಾಡ್ವೇ, ಅದೇ ವರ್ಷ ಶ್ರೇಷ್ಠ ಮರುಪ್ರಯೋಗಕ್ಕೆ ಟೋನಿ ಪ್ರಶಸ್ತಿ. ಏಡೋ ಆ್ಯನಿಯ ಪಾತ್ರ ಮಾಡಿದ ಆಲಿ ಸ್ಟ್ರೋಕರ್‌ಗೂ ಟೋನಿ ಬಂತು. ಗಾಲಿಕುರ್ಚಿ ಬಳಸುವ ಕಲಾವಿದೆಯೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಈ ಸರಣಿಯಲ್ಲಿ ನನ್ನನ್ನು ಬಿಡದೆ ಹಿಡಿದಿರುವವನು ಜಡ್. 2007ರಲ್ಲಿ ಬಾರ್ಡ್ ವಿದ್ಯಾರ್ಥಿಯಾಗಿ ಜಡ್ ಆಗಿದ್ದ ಪ್ಯಾಟ್ರಿಕ್ ವೇಲ್, 2015ರಲ್ಲೂ ಜಡ್, ಬ್ರೂಕ್ಲಿನ್ನಿನಲ್ಲೂ ಜಡ್. ನಾನು ಕತ್ತಲಲ್ಲಿ ಕಂಡ ಮುಖವೂ ಅವರದೇ. ಮುಂದೆ 2022ರಲ್ಲಿ ನಾಟಕ ಲಂಡನ್ನಿನ ಯಂಗ್ ವಿಕ್‌ಗೆ ಹೋದಾಗಲೂ, 2023ರಲ್ಲಿ ವಿಂಡಮ್ಸ್ ರಂಗಮಂದಿರಕ್ಕೆ ಬಂದಾಗಲೂ ಅವರೇ ಜಡ್. ಹದಿನಾರು ವರ್ಷ ಒಂದು ಪಾತ್ರ! ನಮ್ಮ ಕಂಪನಿ ನಾಟಕಗಳಲ್ಲಿ ಒಬ್ಬ ನಟ ಒಂದೇ ಪಾತ್ರದಲ್ಲಿ ಮುಪ್ಪಾಗುವುದನ್ನು ಕಂಡವರಿಗೆ ಇದು ಆಶ್ಚರ್ಯವಾಗಲಿಕ್ಕಿಲ್ಲ. ಆದರೆ ಇದು ಕಾಲೇಜು ಪ್ರಯೋಗದಲ್ಲಿ ಸಿಕ್ಕ ಪಾತ್ರ; ಸಾಮಾನ್ಯವಾಗಿ ಪರೀಕ್ಷೆಯ ಹೊತ್ತಿಗೆ ಬಣ್ಣದೊಂದಿಗೆ ತೊಳೆದುಹೋಗುವಂಥದ್ದು. ಆ ಹುಡುಗ ಜಡ್‌ನನ್ನು ಒರಟ ಖಳನಾಗಿ ನೋಡಲಿಲ್ಲ. ಬಳುಕುವ ಮೈ, ಹಣೆಗೆ ಬಿದ್ದ ಕೂದಲು, ಕೇಳುವವರೇ ಇಲ್ಲದೆ ಸಣ್ಣದಾದ ದನಿ. ನಾಟಕದ ತಿರುಳೇ ಇದರಿಂದ ಪಕ್ಕಕ್ಕೆ ಸರಿಯಿತು: ಊರು ಯಾರನ್ನು ಹೊರಗಿಡುತ್ತದೆ ಎಂಬ ಕಥೆಯಾಯಿತು.

ಹಾಗೆಂದು ನಾಟಕದ ಮಾತು ಬದಲಾಯಿತೇ? ಮಧ್ಯಂತರದಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಅದು. “ಇಲ್ಲ ಚಿಕ್ಕಮ್ಮ. ನಮ್ಮ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಲ್ಲ, ಅದೇ” ಎಂದಳು. ಆಗ ನಾವು ರಂಗದ ಮೇಲೇ ನಿಂತು ಚಿಲಿ ಎಂಬ ಖಾರದ ಗೊಜ್ಜು ಮತ್ತು ಮೆಕ್ಕೆಜೋಳದ ಬ್ರೆಡ್ ತಿನ್ನುತ್ತಿದ್ದೆವು. ರಂಗದ ಮೇಜುಗಳ ಮೇಲೆ ಮೊದಲಿನಿಂದಲೂ ಪಾತ್ರೆಗಳಲ್ಲಿ ಬಿಸಿಯಾಗುತ್ತಿದ್ದ ಚಿಲಿಯನ್ನೇ ಪ್ರೇಕ್ಷಕರಿಗೆಲ್ಲ ಬಡಿಸುತ್ತಿದ್ದರು. ಸುತ್ತ ಗೋಡೆಯ ತುಂಬ ಬಂದೂಕು. ಊಟ ಹಾಕಿದ ಮನೆಯಲ್ಲಿ ಎರಡನೆಯ ಅಂಕದ ಕೊಲೆಗೆ ನಾವೂ ಸಾಕ್ಷಿಗಳಾಗುತ್ತೇವೆ. ಉಪ್ಪುಂಡವರ ಮೌನ ನಮ್ಮದು.

ಅಮೆರಿಕದಲ್ಲಿ ಇಂಥ ನಾಟಕ ಆಡಲು ಹಕ್ಕುದಾರರಿಗೆ ಹಣ ಕಟ್ಟಬೇಕು, ಕೃತಿಯ ಮಾತು ಕದಲಿಸುವ ಹಾಗಿಲ್ಲ. ನಮ್ಮ ವೃತ್ತಿರಂಗಭೂಮಿಯ ಪದ್ಧತಿ ಇದಕ್ಕೆ ಪೂರ್ತಿ ಬೇರೆ. ‘ಸದಾರಮೆ’ಯ ಕಳ್ಳ ಆಯಾ ಊರಿಗೆ ತಕ್ಕಂತೆ ಮಾತು ಹುಟ್ಟಿಸುತ್ತಲೇ ಬೆಳೆದವನು, ಗುಬ್ಬಿ ವೀರಣ್ಣನವರ ಹೆಸರು ಆ ಪಾತ್ರಕ್ಕೆ ಅಂಟಿಕೊಂಡದ್ದೂ ಹಾಗೆಯೇ. ಆ ಸ್ವಾತಂತ್ರ್ಯ ನನಗೆ ಪ್ರಿಯ. ಆದರೆ ನಮ್ಮ ಕಾಲೇಜುಗಳಲ್ಲಿ ಹಳೆಯ ನಾಟಕವನ್ನು ‘ಇಂದಿಗೆ ತರುವುದು’ ಎಂದರೆ ರಾಜಕುಮಾರನ ಕೈಗೆ ಮೊಬೈಲು ಕೊಟ್ಟು, ಹತ್ತು ರಂಗಗೀತೆಗಳಲ್ಲಿ ಏಳನ್ನು ಕತ್ತರಿಸುವುದು ಎಂದಾಗಿರುವುದು ನನಗೆ ನೋವಿನ ಸಂಗತಿ. ಫಿಶ್‌ಗೆ ಮಾತು ಮುಟ್ಟುವ ದಾರಿ ಮುಚ್ಚಿತ್ತು. ಹಾಗಾಗಿ ಉಳಿದದ್ದನ್ನೆಲ್ಲ ಮುಟ್ಟಿದರು. ದೊಡ್ಡ ವಾದ್ಯವೃಂದದ ಬದಲು ಬ್ಯಾಂಜೊ, ಮ್ಯಾಂಡೊಲಿನ್, ಗಿಟಾರು ಹಿಡಿದ ಏಳು ಜನ. ಹಾಡುವವರು ಗಂಟಲೆತ್ತದೆ, ಜಗಲಿಯಲ್ಲಿ ಕೂತು ಗುನುಗುವಂತೆ ಹಾಡುತ್ತಾರೆ. ಅದರಿಂದ ಪ್ರತಿ ಪದವೂ ಕಿವಿಗೆ ಬೀಳುತ್ತದೆ. ಹೆಂಗಸರು ಕೂತು ಮೆಕ್ಕೆಜೋಳದ ತೆನೆ ಮುರಿಯುವ ಸದ್ದೇ ಒಂದು ತಾಳ. 1943ರಲ್ಲಿ ಆ್ಯಗ್ನೆಸ್ ಡಿ ಮಿಲ್ ಸಂಯೋಜಿಸಿದ್ದ ಲೋರಿಯ ಕನಸಿನ ನೃತ್ಯವನ್ನು ಇಲ್ಲಿ ತಲೆ ಬೋಳಿಸಿಕೊಂಡ ಒಬ್ಬಳೇ ನರ್ತಕಿ ಬರಿಗಾಲಲ್ಲಿ ಮಾಡುತ್ತಾಳೆ. ಎಲೆಕ್ಟ್ರಿಕ್ ಗಿಟಾರಿನ ಅಬ್ಬರದ ನಡುವೆ ಮೇಲಿಂದ ದನಗಾಹಿಗಳ ಬೂಟುಗಳು ಧೊಪ್ಪೆಂದು ಬೀಳುತ್ತವೆ. ಈ ಭಾಗ ನನಗೆ ಉದ್ದವಾಯಿತು.

ಕೊನೆಯಲ್ಲಿ ಮಾತ್ರ ಒಂದು ಕ್ರಿಯೆ ಬದಲಾಗಿದೆ. ಮೂಲದಲ್ಲಿ ಜಡ್ ಜಗಳದಲ್ಲಿ ತನ್ನದೇ ಚಾಕುವಿನ ಮೇಲೆ ಬಿದ್ದು ಸಾಯುತ್ತಾನೆ. ಇಲ್ಲಿ ಕರ್ಲಿ ಮತ್ತು ಲೋರಿಯ ಮದುವೆಯ ಉಡುಗೊರೆಯಾಗಿ ಕರ್ಲಿಯ ಕೈಗೆ ಬಂದೂಕು ಕೊಟ್ಟು ಎದುರು ನಿಲ್ಲುತ್ತಾನೆ. ಕರ್ಲಿ ಗುಂಡು ಹಾರಿಸುತ್ತಾನೆ. ಬಿಳಿ ಬಟ್ಟೆಯ ಮದುಮಕ್ಕಳ ಮೈಮೇಲೆಲ್ಲ ರಕ್ತ. ನಿಂತ ನಿಲುವಿನಲ್ಲೇ ವಿಚಾರಣೆ ಮಾಡಿ ಕರ್ಲಿ ನಿರಪರಾಧಿ ಎನ್ನುತ್ತಾರೆ. ಹ್ಯಾಮರ್‌ಸ್ಟೈನ್ ಬರೆದ ಆ ವಿಚಾರಣೆ ಮೊದಲೂ ಹೀಗೆಯೇ ಅವಸರದ್ದು, ನಕ್ಕು ಮರೆಯುವಂಥದ್ದಾಗಿತ್ತು. ರಕ್ತ ಮೆತ್ತಿದ ಮುಖಗಳು ಅದೇ ಮಾತು ಆಡಿ, ರಾಜ್ಯದ ಹೆಸರು ಕೂಗಿ ಹಾಡುವಾಗ ಎದೆ ಹಿಂಡುತ್ತದೆ.

ನನ್ನದೊಂದು ತಕರಾರಿದೆ. ಕಥೆ ನಡೆಯುವುದು 1906ರಲ್ಲಿ, ಆ ನೆಲ ಇನ್ನೂ ‘ಇಂಡಿಯನ್ ಟೆರಿಟರಿ’ ಎನಿಸಿಕೊಂಡಿದ್ದಾಗ. ಓಕ್ಲಹೋಮ ರಾಜ್ಯವಾದದ್ದು 1907ರಲ್ಲಿ. ‘ಓಕ್ಲಹೋಮ!’ಕ್ಕೆ ಆಧಾರವಾದ ನಾಟಕ ‘ಗ್ರೀನ್ ಗ್ರೋ ದ ಲೈಲಾಕ್ಸ್’ ಬರೆದ ಲಿನ್ ರಿಗ್ಸ್ ಚೆರೊಕೀ ವಂಶದವರು. ಯಾರನ್ನು ಹೊರಗಿಟ್ಟು ಊರು ಕಟ್ಟಿದರು ಎಂದು ಇಷ್ಟು ನಿಷ್ಠುರವಾಗಿ ಕೇಳುವ ಪ್ರಯೋಗದಲ್ಲೂ ಆ ನೆಲದ ಮೂಲಜನ ಕಾಣಲಿಲ್ಲ. ಮಾತು ಮುಟ್ಟಬಾರದೆಂಬ ಶಿಸ್ತು ಅಲ್ಲಿಗೆ ಹೋಗಲಾರದೆ ನಿಂತುಬಿಟ್ಟಿತು ಎಂದೇ ನನಗನ್ನಿಸುತ್ತದೆ.

ಮುಂದಿನ ಭಾನುವಾರ ಹಟ ಹಿಡಿದು ಬಾರ್ಡ್‌ಗೆ ಹೋದೆವು. ನ್ಯೂಯಾರ್ಕಿನಿಂದ ಉತ್ತರಕ್ಕೆ, ಹಡ್ಸನ್ ನದಿಯ ಹತ್ತಿರದ ಆ್ಯನನ್‌ಡೇಲ್. ಎಲೆಯುದುರಿದ ಮರಗಳ ನಡುವೆ ಫ್ರಾಂಕ್ ಗೆಹ್ರಿ ವಿನ್ಯಾಸದ ಫಿಶರ್ ಸೆಂಟರ್, ಅಲೆಯಂತೆ ಬಾಗಿದ ಉಕ್ಕಿನ ಛಾವಣಿ. ಒಳಗೆ ಹೋಗಲಾಗಲಿಲ್ಲ. ಹಿಂಬದಿಯಲ್ಲಿ ನಾಲ್ಕು ವಿದ್ಯಾರ್ಥಿಗಳು ಹಲಗೆಯ ಮೇಜೊಂದನ್ನು ಹೊತ್ತು, ಬಾಗಿಲಲ್ಲಿ ತೂರಿಸಲು ಓರೆ ಮಾಡುತ್ತಿದ್ದರು. ಅದನ್ನು ನೋಡುತ್ತ ನಿಂತದ್ದೇ ನನಗೆ ಸಾಕಾಯಿತು.

ಹಿಂದಿರುಗುವಾಗ ಹುಡುಗಿ ಕಾರು ಓಡಿಸುತ್ತ ಜಡ್‌ನ ಶವಸಂಸ್ಕಾರದ ಹಾಡನ್ನು ಶುರು ಮಾಡಿ ನಿಲ್ಲಿಸಿದಳು. ತನ್ನ ಶಾಲೆಯ ಜಡ್ ಬಗ್ಗೆ ಹೇಳಿದಳು. ಆ ವರ್ಷವಷ್ಟೇ ಶಾಲೆಗೆ ಸೇರಿದ್ದ ಹುಡುಗ, ದಪ್ಪಗಿದ್ದ, ಯಾರ ಜೊತೆಗೂ ಮಾತಿಲ್ಲ. ಅದಕ್ಕೇ ಆ ಪಾತ್ರ ಕೊಟ್ಟಿದ್ದರಂತೆ. ತಾಲೀಮಿನಲ್ಲಿ ಪ್ರತಿ ಸಲ ಆ ಹಾಡಿಗೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರಂತೆ.

“ಅವನೂ ನಗ್ತಿದ್ದ” ಎಂದಳು. ಸ್ವಲ್ಪ ದೂರ ಹೋದ ಮೇಲೆ, “ಹೆಸರು ನೆನಪಾಗ್ತಾ ಇಲ್ಲ ಚಿಕ್ಕಮ್ಮ. ನಾವೆಲ್ಲ ಅವನನ್ನ ವರ್ಷಪೂರ್ತಿ ಜಡ್ ಅಂತಲೇ ಕರೀತಿದ್ವಿ.”