ಫೇರೋ ಮಲಗದ ಪೆಟ್ಟಿಗೆ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಮೂರು ಮೀಟರಿಗೂ ಉದ್ದದ ಒಂದು ಕಲ್ಲಿನ ಶವಪೆಟ್ಟಿಗೆ ಇದೆ. ಮೈತುಂಬ ಚಿತ್ರಲಿಪಿ: ರಾತ್ರಿಯ ಹನ್ನೆರಡು ತಾಸು ಪಾತಾಳದಲ್ಲಿ ದೋಣಿಯೇರಿ ಸಾಗುವ ಸೂರ್ಯದೇವನ ಕತೆ. ಬಗ್ಗಿ ಬುಡ ನೋಡಿದರೆ ಅಲ್ಲಲ್ಲಿ ದುಂಡನೆಯ ತೂತುಗಳು. ಅವು ಫೇರೋ ಕಾಲದವಲ್ಲ. ಅಲೆಕ್ಸಾಂಡ್ರಿಯಾದ ಅತ್ತಾರಿನ್ ಮಸೀದಿಯಲ್ಲಿ ಈ ಪೆಟ್ಟಿಗೆ ನಮಾಜಿಗೆ ಮುನ್ನ ಕೈಕಾಲು ತೊಳೆಯುವ ನೀರಿನ ತೊಟ್ಟಿಯಾಗಿತ್ತು. ನೀರು ಹರಿದುಹೋಗಲೆಂದು ಯಾರೋ ಕೊರೆದ ತೂತುಗಳವು.

ಇದನ್ನು ತನಗೆಂದು ಮಾಡಿಸಿಕೊಂಡವನು ಎರಡನೇ ನೆಕ್ಟನೆಬೋ, ಈಜಿಪ್ಟ್ ಮೂಲದ ಕೊನೆಯ ಫೇರೋ ಎಂದು ಹೆಸರಾದವನು.

ಪಟ್ಟ ಅವನಿಗೆ ನೇರ ದಾರಿಯಲ್ಲಿ ಬರಲಿಲ್ಲ. ಕ್ರಿ.ಪೂ. 360ರ ಸುಮಾರಿಗೆ ದೊರೆ ಟಾಕೋಸ್ ಪರ್ಷಿಯನ್ನರ ಮೇಲೆ ದಂಡೆತ್ತಿ ಹೊರಟಿದ್ದ. ಖರ್ಚಿಗೆಂದು ದೇಗುಲಗಳ ಆದಾಯಕ್ಕೇ ಕೈಹಾಕಿ ಪುರೋಹಿತರನ್ನು ಎದುರು ಹಾಕಿಕೊಂಡಿದ್ದ. ಅವನ ನೆರವಿಗೆ ಬಂದವನು ಸ್ಪಾರ್ಟಾದ ರಾಜ ಅಗೆಸಿಲಾಸ್, ಎಂಬತ್ತು ದಾಟಿದ ಮುದುಕ. ಮಹಾವೀರನನ್ನು ನೋಡಲು ನೂಕುನುಗ್ಗಲಾಗಿ ಬಂದ ಜನಕ್ಕೆ ಕಂಡದ್ದು ಒರಟು ಬಟ್ಟೆ ಹೊದ್ದು ಹುಲ್ಲಿನ ಮೇಲೆ ಒರಗಿದ್ದ ಕುಳ್ಳ ಅಜ್ಜ. ನಕ್ಕರಂತೆ. ಬೆಟ್ಟ ಹೆರಿಗೆನೋವು ತಿಂದು ಇಲಿ ಹೆತ್ತಿತು ಎಂದರೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆಯುತ್ತಾನೆ. ಬೆಟ್ಟ ಅಗೆದು ಇಲಿ ಹಿಡಿಯುವ ನಮಗೆ ಆ ಮಾತು ಹೊಸದೇನಲ್ಲ. ಆದರೆ ಆ ಇಲಿಯೇ ಸಿಂಹಾಸನ ಕಡಿದು ಹಾಕಿತು. ದೊರೆ ಊರಲ್ಲಿಲ್ಲದಾಗ ದಂಗೆಯೆದ್ದ ನೆಕ್ಟನೆಬೋ ಕಡೆಗೆ ಅಗೆಸಿಲಾಸ್ ವಾಲಿದ. ಟಾಕೋಸ್ ಶತ್ರು ಪರ್ಷಿಯನ್ನರ ಆಶ್ರಯಕ್ಕೇ ಓಡಿದ. ಮೆಂಡೆಸ್‌ನಿಂದ ಎದ್ದ ಇನ್ನೊಬ್ಬ ಎದುರಾಳಿಯನ್ನೂ ಮುದುಕ ಮಣಿಸಿಕೊಟ್ಟ. 230 ಟ್ಯಾಲೆಂಟ್ ಬೆಳ್ಳಿಯೊಂದಿಗೆ ಹೊರಟವನು ದಾರಿಯಲ್ಲೇ ತೀರಿಕೊಂಡ. ಹೆಣ ಕೆಡದಿರಲು ಜೇನು ಸಿಗದೆ ಮೇಣ ಮೆತ್ತಿ ಊರಿಗೆ ಸಾಗಿಸಿದರು.

ಚಿಕ್ಕಪ್ಪ ಟಾಕೋಸ್‌ನ ತಪ್ಪಿನಿಂದ ನೆಕ್ಟನೆಬೋ ಪಾಠ ಕಲಿತಂತಿತ್ತು. ದೇವರುಗಳಿಗೆ ಧಾರಾಳವಾಗಿ ಸುರಿದ. ಬೆಹ್ಬೆಟ್ ಅಲ್ ಹಗರ್‌ನಲ್ಲಿ ಐಸಿಸ್‌ಗೆ ಗ್ರಾನೈಟ್ ಗುಡಿಯೇ ಎದ್ದಿತು. ಇಂದು ಅದು ಕುಸಿದ ಬಂಡೆಗಳ ರಾಶಿ. ಮೊದಲ ಪರ್ಷಿಯನ್ ದಾಳಿಯನ್ನು ಹಿಮ್ಮೆಟ್ಟಿಸಿದ. ಎರಡನೆಯದಕ್ಕೆ, ಕ್ರಿ.ಪೂ. 343ರ ಸುಮಾರಿಗೆ, ಪರ್ಷಿಯಾದ ದೊರೆ ಮೂರನೇ ಅರ್ತಕ್ಸರ್ಕ್ಸಿಸ್ ದಂಡೆತ್ತಿ ಬಂದ. ಗಡಿಯ ಪೆಲುಸಿಯಂ ಬೀಳುವ ಮೊದಲೇ ಫೇರೋ ಮೆಂಫಿಸ್‌ಗೆ ಸರಿದ. ಅಲ್ಲಿಂದ ಸಿಕ್ಕಷ್ಟು ಸಂಪತ್ತು ಕಟ್ಟಿಕೊಂಡು ದಕ್ಷಿಣಕ್ಕೆ, ನ್ಯೂಬಿಯಾದತ್ತ. ಪೆಟ್ಟಿಗೆ ಹಿಂದೆಯೇ ಉಳಿಯಿತು.

ಮುಂದಿನದನ್ನು ಕತೆಗಾರರು ನೋಡಿಕೊಂಡರು. ಅವರ ನೆಕ್ಟನೆಬೋ ಮಾಂತ್ರಿಕ. ಬೋಗುಣಿಯ ನೀರಲ್ಲಿ ಮೇಣದ ಹಡಗು ತೇಲಿಬಿಟ್ಟು ಮುಳುಗಿಸಿದರೆ ಕಡಲಲ್ಲಿ ಶತ್ರುವಿನ ಹಡಗು ಮುಳುಗುತ್ತಿತ್ತು. ಸೋತ ಮೇಲೆ ಮಾಸಿಡೋನಿಯಾಕ್ಕೆ ಹೋಗಿ ರಾಣಿಯನ್ನು ಮರುಳುಮಾಡಿದ, ಹುಟ್ಟಿದವನೇ ಅಲೆಕ್ಸಾಂಡರ್! ಹೊರಗಿನಿಂದ ಬಂದು ದೇಶ ಗೆದ್ದವನನ್ನು ಮನೆಮಗನಾಗಿಸಿಕೊಳ್ಳಲು ಇದಕ್ಕಿಂತ ಚೆಂದದ ಉಪಾಯ ಬೇಕೆ?

ಈಜಿಪ್ಟನ್ನು ಆಕ್ರಮಿಸಿದ್ದ ಫ್ರೆಂಚರು 1801ರಲ್ಲಿ ಶರಣಾದಾಗ, ಅವರ ವಶದಲ್ಲಿದ್ದ ಮಸೀದಿಯ ತೊಟ್ಟಿ ಬ್ರಿಟಿಷರ ಪಾಲಾಯಿತು. ರೊಸೆಟ್ಟಾ ಶಿಲೆಯೂ ಅದೇ ಒಪ್ಪಂದದಲ್ಲಿ ಕೈಬದಲಾಯಿಸಿತು. ಆ ತೊಟ್ಟಿ ಅಲೆಕ್ಸಾಂಡರನದೇ ಗೋರಿ ಎಂದು ಇಂಗ್ಲಿಷ್ ಪ್ರವಾಸಿ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ 1805ರಲ್ಲಿ ಇಡೀ ಪುಸ್ತಕವನ್ನೇ ಬರೆದ. ಫ್ರೆಂಚ್ ವಿದ್ವಾಂಸ ಶಾಂಪೋಲಿಯೋ ಚಿತ್ರಲಿಪಿಯ ಗಂಟು ಬಿಚ್ಚಿದ್ದು 1822ರಲ್ಲಿ. ಆಮೇಲೆ ಓದಿ ನೋಡಿದರೆ, ಮಗನದೆಂದುಕೊಂಡ ಪೆಟ್ಟಿಗೆಯ ಮೇಲೆ ಇದ್ದದ್ದು ಕತೆಯ ಅಪ್ಪನ ಹೆಸರು.