ಕೇಳಿದರೆ ಕೊಡುವವರು, ಕೇಳದಿದ್ದರೆ ಸುಮ್ಮನಿರುವವರು

ರಾಶಿಯ ನಡುವಿನಿಂದ ಒಂದು ಪುಸ್ತಕ ಎಳೆದರೆ ಮೇಲಿನ ಹತ್ತು ಪುಸ್ತಕ ಮೈಮೇಲೆ ಬೀಳುತ್ತಿದ್ದವು. ಓಡಾಡಲು ಇದ್ದ ದಾರಿಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಅಡ್ಡ ತಿರುಗಿಯೇ ದಾಟಬೇಕು. ಕೂರಲು ಕುರ್ಚಿ ಇಲ್ಲ, ಕುಡಿಯಲು ಕಾಫಿ ಇಲ್ಲ, ಬಾಗಿಲಲ್ಲಿ ನಿಂತು ನಗುತ್ತ ಸ್ವಾಗತಿಸುವ ಸಮವಸ್ತ್ರದ ಹುಡುಗನಂತೂ ಇಲ್ಲವೇ ಇಲ್ಲ. ಗಿರಾಕಿಯನ್ನು ಸಂತೋಷಪಡಿಸುವ ಬಗ್ಗೆ ಪಾಠ ಹೇಳುವ ಯಾವ ಮ್ಯಾನೇಜ್‌ಮೆಂಟ್ ಕಾಲೇಜೂ ಈ ಅಂಗಡಿಗೆ ಪಾಸು ಮಾರ್ಕು ಕೊಡುತ್ತಿರಲಿಲ್ಲ. ಆದರೂ ಬೆಂಗಳೂರಿನ ಓದುಗರ ನಡುವೆ ಒಳ್ಳೆಯ ಅಂಗಡಿಕಾರರ ಮಾತು ಬಂದರೆ ಮೊದಲು ಕೇಳಿಬರುವುದು ಅದರದೇ ಹೆಸರು. ಪ್ರೀಮಿಯರ್ ಬುಕ್ ಶಾಪ್. ಚರ್ಚ್ ಸ್ಟ್ರೀಟ್ ಮ್ಯೂಸಿಯಂ ರಸ್ತೆಯನ್ನು ಸೇರುವಲ್ಲಿ 1971ರಿಂದ 2009ರವರೆಗೆ ಇತ್ತು.

ಚರ್ಚ್ ಸ್ಟ್ರೀಟಿನಲ್ಲಿ ಇವತ್ತು ಜೀವಂತವಾಗಿರುವ ಪುಸ್ತಕದಂಗಡಿಗಳನ್ನು ಪರಿಚಯಿಸಬೇಕೆಂದು ಹೊರಟ ಬರಹ ಇದು. ಮುಚ್ಚಿಹೋದ ಅಂಗಡಿಯೇ ಅರ್ಧ ಜಾಗ ನುಂಗಿಬಿಡುತ್ತದೆ ಎಂಬುದನ್ನು ಈಗಲೇ ಹೇಳಿಬಿಡುವುದು ವಾಸಿ. ಆ ಅಂಗಡಿಯ ಯಜಮಾನ ಟಿ.ಎಸ್. ಶಾನಭಾಗರನ್ನು ಬಿಟ್ಟು ಈ ಬೀದಿಯ ಪುಸ್ತಕ ವ್ಯಾಪಾರದ ಬಗ್ಗೆ ಬರೆಯಲು ನನಗಂತೂ ಬರುವುದಿಲ್ಲ.

ಶಾನಭಾಗರು ಕುಂದಾಪುರದ ಕಡೆಯವರು. ಕಸುಬು ಕಲಿತದ್ದು ಮುಂಬಯಿಯಲ್ಲಿ, ಚಿಕ್ಕಪ್ಪನ ವರಸೆಯ ಟಿ.ಎನ್. ಶಾನಭಾಗರ ಸ್ಟ್ರ್ಯಾಂಡ್ ಬುಕ್ ಸ್ಟಾಲಿನಲ್ಲಿ. ಆ ಹಿರಿಯ ಶಾನಭಾಗರದು ಇನ್ನೊಂದು ಕಥೆ. ವಿದ್ಯಾರ್ಥಿಯಾಗಿದ್ದಾಗ ಒಂದು ದೊಡ್ಡ ಪುಸ್ತಕದಂಗಡಿಯಲ್ಲಿ ಪುಟ ತಿರುವುತ್ತ ನಿಂತಿದ್ದಕ್ಕೆ ಗದರಿಸಿಕೊಂಡರಂತೆ. ಕೊಳ್ಳುವ ಕಾಸಿಲ್ಲದವನು ಪುಸ್ತಕ ಮುಟ್ಟಬಾರದು ಎಂಬ ಆ ನಡವಳಿಕೆ ಅವರ ಮನಸ್ಸಿನಲ್ಲಿ ಚುಚ್ಚಿಕೊಂಡೇ ಉಳಿಯಿತು. 1948ರಲ್ಲಿ ಕೊಲಾಬಾದ ಸ್ಟ್ರ್ಯಾಂಡ್ ಚಿತ್ರಮಂದಿರದೊಳಗೆ ಒಂದು ಮೂಲೆ ಕೇಳಿ ಪಡೆದು, ಕೈಯಲ್ಲಿದ್ದ ಕೆಲವು ನೂರು ರೂಪಾಯಿಯಲ್ಲಿ ಪುಸ್ತಕ ಮಾರಲು ಕೂತರು. ಬಂದವರು ಎಷ್ಟು ಹೊತ್ತು ಬೇಕಾದರೂ ನಿಂತು ಓದಬಹುದು, ಯಾರೂ ಮಾತಾಡಿಸುವುದಿಲ್ಲ. ಕೊಂಡವರಿಗೆ ಕೇಳದೆಯೇ ರಿಯಾಯಿತಿ. ಮುಂದೆ ಅಂಗಡಿ ಫೋರ್ಟ್ ಪ್ರದೇಶಕ್ಕೆ ಹೋಯಿತು, ದೊಡ್ಡ ಹೆಸರು ಮಾಡಿತು. 2003ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪುಸ್ತಕ ಬರೆದವರಿಗೆ ಪದ್ಮಶ್ರೀ ಬರುವುದು ನಮಗೆ ಹೊಸದಲ್ಲ. ಮಾರಿದವರೊಬ್ಬರಿಗೆ ಬಂದದ್ದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ.

ಗದರಿಸಿಕೊಂಡ ಹುಡುಗನ ಅಂಗಡಿಯಲ್ಲಿ ಪಳಗಿದ ಕಿರಿಯ ಶಾನಭಾಗರು ಆ ಎರಡು ಪದ್ಧತಿಗಳನ್ನೂ ಬೆಂಗಳೂರಿಗೆ ತಂದರು. ಪ್ರೀಮಿಯರ್‌ಗೆ ಹೋದವರೆಲ್ಲರ ನೆನಪಿನಲ್ಲಿ ಅವರದು ಒಂದೇ ಭಂಗಿ: ಬಾಗಿಲ ಹತ್ತಿರದ ಮೇಜು, ಅದರ ಮೇಲೂ ಪುಸ್ತಕ, ಆಚೆ ಕೂತ ಮಿತಭಾಷಿ. ಒಳಗೆ ಬಂದವರನ್ನು ತಲೆಯೆತ್ತಿ ನೋಡುತ್ತಿದ್ದರು, ಅಷ್ಟೇ. ಏನು ಬೇಕೆಂದು ಕೇಳುತ್ತಿರಲಿಲ್ಲ. ಕಾಲೇಜಿನ ಹುಡುಗರು ಜೇಬಿನಲ್ಲಿ ಬಸ್ ಚಾರ್ಜು ಮಾತ್ರ ಇಟ್ಟುಕೊಂಡು ಬಂದು ಮಧ್ಯಾಹ್ನವೆಲ್ಲ ನಿಂತು ಓದಿ ಹೋದರೂ ಅವರ ಮುಖದಲ್ಲಿ ಬೇಸರ ಕಾಣಿಸುತ್ತಿರಲಿಲ್ಲ.

ಆದರೆ ಕೇಳಿ ನೋಡಿ. ಲೇಖಕನ ಹೆಸರು ಅರ್ಧ ನೆನಪಿದ್ದರೂ ಸಾಕು. ಅಂಗಡಿಯಲ್ಲಿ ಕಂಪ್ಯೂಟರ್ ಇಲ್ಲ, ಪಟ್ಟಿಯೂ ಇಲ್ಲ. ಅವರು ಎದ್ದು ಬಂದು, ನೆಲದಿಂದ ಚಾವಣಿಯವರೆಗೆ ನಿಂತ ರಾಶಿಗಳಲ್ಲಿ ಒಂದರ ಮುಂದೆ ನಿಂತು, ಹಿಂದಿನ ಸಾಲಿಗೆ ಕೈ ಹಾಕಿ ಅದನ್ನೇ ತೆಗೆದುಕೊಡುತ್ತಿದ್ದರು. ರಾಶಿ ಅಲುಗುತ್ತಿರಲಿಲ್ಲ. ಹಾಗೆ ಎಳೆಯುವ ಕೈಚಳಕ ಬೇರೆ ಯಾರಿಗೂ ಬರಲಿಲ್ಲ ಎಂದು ಅಲ್ಲಿಗೆ ಹೋಗುತ್ತಿದ್ದವರು ಈಗಲೂ ನಗುತ್ತಾರೆ.

ಅವರ ನೆನಪಿನ ಶಕ್ತಿಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ನೆನಪನ್ನು ಅವರು ಬಳಸುತ್ತಿದ್ದ ಹದ. ಯಾರು ಏನು ಓದುತ್ತಾರೆಂದು ಅವರಿಗೆ ಗೊತ್ತಿರುತ್ತಿತ್ತು. ಕ್ರಿಕೆಟ್ ಚರಿತ್ರೆ ಹುಡುಕುವವರು, ಪತ್ತೇದಾರಿ ಕಾದಂಬರಿಯವರು, ತತ್ತ್ವಶಾಸ್ತ್ರದ ಮೇಷ್ಟರು, ಎಲ್ಲರೂ ಲೆಕ್ಕದಲ್ಲಿರುತ್ತಿದ್ದರು. ಹೊಸ ಕಟ್ಟು ಬಿಚ್ಚುವಾಗ ಇದು ಇಂಥವರಿಗೆ ಎಂದು ಮನಸ್ಸಿನಲ್ಲೇ ಎತ್ತಿಟ್ಟು, ಅವರು ಬಂದಾಗ ಸುಮ್ಮನೆ ಮುಂದಿಡುತ್ತಿದ್ದರು. ತೆಗೆದುಕೊಂಡರೆ ಸರಿ, ಬಿಟ್ಟರೂ ಸರಿ. ಹೊಗಳಿ ಮಾರುವ ಅಭ್ಯಾಸವಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ನೋಡಿಯೇ ಸಾರು ಬೇಕೋ ಮಜ್ಜಿಗೆ ಬೇಕೋ ತಿಳಿದು ಮುಂದೆ ಹೋಗುವ ಬಡಿಸುವವರಿದ್ದಾರಲ್ಲ, ಆ ಜಾತಿಯ ಮನುಷ್ಯ. ಬಿಲ್ಲು ಬರೆಯುವಾಗ ರಿಯಾಯಿತಿ ಕಳೆದೇ ಬರೆಯುತ್ತಿದ್ದರು. ಕಾಯಂ ಗಿರಾಕಿಗಳಿಗೆ ಉದ್ದರಿಯೂ ಇತ್ತು.

ಗಿರೀಶ ಕಾರ್ನಾಡ, ಯು.ಆರ್. ಅನಂತಮೂರ್ತಿ ಮೊದಲಾದವರು ಅಲ್ಲಿಗೆ ಬರುತ್ತಿದ್ದರು. ಇತಿಹಾಸಕಾರ ರಾಮಚಂದ್ರ ಗುಹಾ ಅಂಗಡಿಯ ಬಗ್ಗೆ ಮತ್ತೆ ಮತ್ತೆ ಬರೆದರು. ದೊಡ್ಡವರ ಹೆಸರಿನಿಂದ ಅಂಗಡಿ ದೊಡ್ಡದಾಗುತ್ತದೆ ಎಂದಲ್ಲ. ಅಲ್ಲಿಗೆ ಬಂದವರಿಗೆ ಸಿಕ್ಕಿದ್ದು ಬಸ್ ಚಾರ್ಜಿನ ಹುಡುಗನಿಗೆ ಸಿಕ್ಕ ಅದೇ ಓಣಿ, ಅದೇ ಮೌನ, ಅದೇ ರಿಯಾಯಿತಿ.

ಈ ರಿಯಾಯಿತಿಯ ಹಿಂದಿನ ಲೆಕ್ಕವನ್ನು ತುಸು ಬಿಡಿಸಬೇಕು, ಏಕೆಂದರೆ ಕೊಳ್ಳುವವರಿಗೆ ಇದು ಕಾಣುವುದಿಲ್ಲ. 100 ರೂಪಾಯಿ ಮುಖಬೆಲೆಯ ಪುಸ್ತಕ ಅಂಗಡಿಗೆ ಸಾಮಾನ್ಯವಾಗಿ 60–65 ರೂಪಾಯಿಗೆ ಬೀಳುತ್ತದೆ. ಉಳಿದದ್ದರಲ್ಲಿ ಬಾಡಿಗೆ, ಸಂಬಳ, ಸಾಗಣೆ, ಕರೆಂಟು. ಗಿರಾಕಿಗಳ ಬೆರಳಿನಿಂದ ಮಾಸಿಹೋಗುವ ಪ್ರತಿ, ಕಳುವಾಗುವ ಪ್ರತಿ, ಐದು ವರ್ಷವಾದರೂ ಕದಲದ ಪ್ರತಿ ಎಲ್ಲವೂ ಅದರಲ್ಲೇ. ಅದರಿಂದಲೂ 15–20 ರೂಪಾಯಿ ಬಿಟ್ಟುಕೊಟ್ಟರೆ ಕೈಯಲ್ಲಿ ನಿಲ್ಲುವುದು ಎಷ್ಟು? ಬಾಡಿಗೆ ಹಳೆಯದಾಗಿದ್ದು, ಮಾಲೀಕರೇ ಬೆಳಿಗ್ಗೆಯಿಂದ ಸಂಜೆಯವರೆಗೆ ಗಲ್ಲಾದಲ್ಲಿ ಕೂತರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಮುಂದೆ ಆದದ್ದಕ್ಕೆ ಕಾರಣವೂ ಇಲ್ಲೇ ಇದೆ.

ಕೊಂಡ ಪುಸ್ತಕ ಬಗಲಲ್ಲಿಟ್ಟುಕೊಂಡು ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್‌ಗೆ ಹೋಗುವುದು ಆಗಿನ ಶನಿವಾರಗಳ ಕ್ರಮ. ಬಿಳಿ ಸಮವಸ್ತ್ರ, ಅಗಲ ಪಟ್ಟಿ, ತಲೆಗೆ ಪೇಟ ಧರಿಸಿದ ಸರ್ವರ್‌ಗಳು ಒಂದು ಕಾಫಿಗೆ ಎರಡು ಗಂಟೆ ಕೂತರೂ ಏಳಿಸುತ್ತಿರಲಿಲ್ಲ. ಅದೂ ಒಂದು ಚರಿತ್ರೆಯೇ. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಕೆಲಸಗಾರರೇ ಸಹಕಾರ ಸಂಘ ಕಟ್ಟಿ ನಡೆಸಲು ಹೊರಟರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರಲ್ಲಿ, ಬೆಂಗಳೂರಿನಲ್ಲೇ. ಬಡಿಸುವವನೇ ಒಡೆಯನೂ ಆದ ಹೋಟೆಲಿನಲ್ಲಿ ಗಿರಾಕಿಗೆ ಸಿಗುತ್ತಿದ್ದದ್ದು ಸಲಾಮಲ್ಲ, ಸಲುಗೆಯೂ ಅಲ್ಲ, ಅವೆರಡರ ನಡುವಿನ ಒಂದು ಗಾಂಭೀರ್ಯ. ಕಾಫಿ ಹೌಸಿನ ಬಗ್ಗೆ ಬೇರೆಯೇ ಬರೆಯಬೇಕು.

2009 ಈ ಇಡೀ ಲೋಕಕ್ಕೆ ಕೆಟ್ಟ ವರ್ಷ. ಫೆಬ್ರವರಿಯಲ್ಲಿ ಮುಂಬಯಿಯ ಹಿರಿಯ ಶಾನಭಾಗರು ತೀರಿಕೊಂಡರು. ಕಾಫಿ ಹೌಸ್ ಎಂ.ಜಿ. ರಸ್ತೆಯ ಜಾಗ ಕಳೆದುಕೊಂಡು ಚರ್ಚ್ ಸ್ಟ್ರೀಟಿಗೆ ಬಂತು. ಪ್ರೀಮಿಯರ್ ಬಾಗಿಲು ಹಾಕಿತು. ಜಾಗದ ಕರಾರು ಮುಗಿದಿತ್ತು, ಆ ಪ್ರದೇಶದ ಹೊಸ ಬಾಡಿಗೆ ಪುಸ್ತಕ ಮಾರಿ ಕಟ್ಟುವಂಥದ್ದಾಗಿರಲಿಲ್ಲ, ಶಾನಭಾಗರಿಗೂ ಎಪ್ಪತ್ತು ದಾಟಿತ್ತು. ಕೊನೆಯ ದಿನಗಳಲ್ಲಿ ಹಳೆಯ ಗಿರಾಕಿಗಳೆಲ್ಲ ಬಂದರು.

ಅದಕ್ಕೆ ಎರಡು ವರ್ಷ ಹಿಂದೆ, 2007ರಲ್ಲಿ, ಇದೇ ಊರಿನ ಕೋರಮಂಗಲದ ಒಂದು ಅಪಾರ್ಟ್‌ಮೆಂಟಿನಲ್ಲಿ ಇಬ್ಬರು ಎಂಜಿನಿಯರುಗಳು ಇಂಟರ್‌ನೆಟ್ಟಿನಲ್ಲಿ ಪುಸ್ತಕ ಮಾರಲು ಶುರುಮಾಡಿದ್ದರು. ಅದು ಫ್ಲಿಪ್‌ಕಾರ್ಟ್. ಆರಂಭದಲ್ಲಿ ಅವರು ಗಂಗಾರಾಮ್ಸ್ ಪುಸ್ತಕದಂಗಡಿಯ ಹೊರಗೆ ನಿಂತು, ಪುಸ್ತಕ ಕೊಂಡು ಬರುವವರ ಕೈಗೆ ತಮ್ಮ ಕಂಪನಿಯ ಬುಕ್‌ಮಾರ್ಕ್ ಹಂಚಿದರೆಂದು ಅವರ ಕಥೆ ಬರೆದವರು ಹೇಳುತ್ತಾರೆ. ಅಂಗಡಿಯ ಗಿರಾಕಿಯನ್ನು ಅಂಗಡಿಯ ಬಾಗಿಲಲ್ಲೇ ಗುರುತಿಸಿದ ಆ ಚುರುಕು ಮೆಚ್ಚತಕ್ಕದ್ದೇ. ಮನೆ ಬಾಗಿಲಿಗೆ ಪುಸ್ತಕ ಬರುವುದನ್ನು ನಾನೂ ಬೇಡವೆನ್ನಲಿಲ್ಲ. ಬಯಲುಸೀಮೆಯ ಸಣ್ಣ ಊರಿನಲ್ಲಿ ಕೂತ ಓದುಗನಿಗೆ ಅದು ದೊಡ್ಡ ಉಪಕಾರ. ಆದರೆ ಕೇಳಿದ್ದನ್ನು ಕೊಡುವುದಷ್ಟೇ ಅದಕ್ಕೆ ಗೊತ್ತು. ಕೇಳಲು ಗೊತ್ತಿಲ್ಲದ್ದನ್ನು ಕೊಡುವಾಗ ಅದು ಹೋದ ವಾರ ಕೊಂಡ ಪುಸ್ತಕವನ್ನೇ ಇನ್ನೊಮ್ಮೆ ತೋರಿಸುತ್ತದೆ.

ಹೊಸ ಥಳುಕಿನ ಅಂಗಡಿಗಳೂ ಬಂದವು. ಮಾಲ್ ಒಂದರ ಪುಸ್ತಕ ಮಳಿಗೆಯಲ್ಲಿ ಕಾರಂತರ ಕಾದಂಬರಿಯ ಇಂಗ್ಲಿಷ್ ಅನುವಾದ ಕೇಳಿದ್ದೆ. ನಗುಮುಖದ ಹುಡುಗಿ ಕಂಪ್ಯೂಟರಿನ ಮುಂದೆ ಕೂತು, ‘ಸ್ಪೆಲಿಂಗ್ ಹೇಳಿ ಸರ್’ ಎಂದಳು. ಹೇಳಿದೆ. ಇಲ್ಲ ಎಂದು ಬಂತು. ಅವಳ ಬೆನ್ನ ಹಿಂದಿನ ಕಪಾಟಿನಲ್ಲೇ ಅದು ಇತ್ತು. ಅವಳದು ತಪ್ಪಲ್ಲ, ಮೂರು ತಿಂಗಳಿಗೊಮ್ಮೆ ಬದಲಾಗುವ ಕೆಲಸದವರಿಗೆ ಪುಸ್ತಕದ ಬೆನ್ನು ನೋಡಲು ಕಲಿಸುವವರು ಯಾರು? ನಗುವುದನ್ನು ಮಾತ್ರ ಚೆನ್ನಾಗಿ ಕಲಿಸಿದ್ದರು.

ಘಟ್ಟದ ಕೆಳಗೆ ಇನ್ನೊಂದು ಮಾದರಿ ಇತ್ತು. ಮಂಗಳೂರಿನಲ್ಲಿ ಜಿ.ಎನ್. ಅಶೋಕವರ್ಧನರು 1975ರಿಂದ 2012ರವರೆಗೆ ನಡೆಸಿದ ಅತ್ರಿ ಬುಕ್ ಸೆಂಟರ್. ಅವರು ಈ ಕಸುಬಿನ ಅನುಭವವನ್ನು ‘ಪುಸ್ತಕ ಮಾರಾಟ ಹೋರಾಟ’ ಎಂಬ ಪುಸ್ತಕವಾಗಿಯೇ ಬರೆದರು. ಶಾನಭಾಗರು ಮೌನದಲ್ಲಿ ಮಾಡಿದ್ದನ್ನು ಇವರು ಮಾತಾಡಿ, ವಾದಿಸಿ ಮಾಡಿದರು. ಇಬ್ಬರ ಅಂಗಡಿಯೂ ಅವರೊಂದಿಗೇ ಮುಗಿಯಿತು. ಗಲ್ಲಾದಲ್ಲಿ ಕೂತ ಒಬ್ಬರ ತಲೆಯಲ್ಲೇ ಎಲ್ಲ ಇರುವ ಅಂಗಡಿಯ ಕಷ್ಟ ಇದು.

ಹಾಗೆಂದು ಚರ್ಚ್ ಸ್ಟ್ರೀಟ್ ಬರಿದಾಗಲಿಲ್ಲ. 1945ರಲ್ಲಿ ಹುಟ್ಟಿ, ಈಗ ಬ್ರಿಗೇಡ್ ರಸ್ತೆಯ ಅಡ್ಡಬೀದಿಯಲ್ಲಿರುವ ಸೆಲೆಕ್ಟ್ ಬುಕ್ ಶಾಪ್ ಅಪರೂಪದ ಹಳೆಯ ಪುಸ್ತಕಗಳ ಹುಡುಕಾಟಕ್ಕೆ ತಾಣ. ಎಂಜಿನಿಯರಿಂಗ್ ಓದಿ, ಎಂ.ಜಿ. ರಸ್ತೆಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಹರಡಿ ಮಾರುತ್ತ ಬೆಳೆದ ಮಾಯಿಗೌಡರು 2000ದ ದಶಕದ ಮೊದಲಲ್ಲಿ ಬ್ಲಾಸಮ್ ತೆರೆದರು. ಸಣ್ಣ ಕೋಣೆಯಾಗಿದ್ದದ್ದು ಮಹಡಿ ಮೇಲೆ ಮಹಡಿಯಾಗಿ ಬೆಳೆದು, ಇದೇ ಬೀದಿಯಲ್ಲಿ ಎರಡನೆಯ ಮಳಿಗೆಯೂ ಆಯಿತು. ಫುಟ್‌ಪಾತಿನಿಂದಲೇ ಮೇಲೆ ಬಂದ ಕೃಷ್ಣೇಗೌಡರ ಬುಕ್‌ವರ್ಮ್ ಕೂಗಳತೆಯಲ್ಲೇ ಇದೆ. ಹಳ್ಳಿಯಿಂದ ಬಂದ ಕನ್ನಡದ ಹುಡುಗರು ದಂಡು ಪ್ರದೇಶದ ಇಂಗ್ಲಿಷ್ ಪುಸ್ತಕ ವ್ಯಾಪಾರವನ್ನು ಹೀಗೆ ಕೈಗೆತ್ತಿಕೊಂಡದ್ದನ್ನು ಯಾರಾದರೂ ಸಾವಧಾನವಾಗಿ ಬರೆಯಬೇಕು.

ಹಳೆಯ ಪುಸ್ತಕದ ವ್ಯಾಪಾರದಲ್ಲಿ ಕಣ್ಣೇ ತಕ್ಕಡಿ. ರದ್ದಿಯವರಿಂದಲೋ, ಮನೆ ಖಾಲಿ ಮಾಡುವವರಿಂದಲೋ ಮೂಟೆಗಟ್ಟಲೆ ಬಂದದ್ದನ್ನು ಬಿಚ್ಚಿ, ಬೆನ್ನು ಗಟ್ಟಿಯಿದೆಯೇ, ಪುಟ ಹೋಗಿದೆಯೇ, ಇದನ್ನು ಕೇಳುವವರಿದ್ದಾರೆಯೇ ಎಂದು ಕೆಲವೇ ಕ್ಷಣಗಳಲ್ಲಿ ತೀರ್ಮಾನಿಸಿ, ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬೆಲೆ ಬರೆಯಬೇಕು. ಓದಿ ಮುಗಿಸಿದ ಪುಸ್ತಕವನ್ನು ಮರಳಿ ಕೊಳ್ಳುವ ಪದ್ಧತಿಯೂ ಇರುವುದರಿಂದ ಇಲ್ಲಿ ಗಿರಾಕಿ ಒಮ್ಮೆ ಬಂದು ಮಾಯವಾಗುವುದಿಲ್ಲ. ಬೇಕಾದ ಪುಸ್ತಕದ ಹೆಸರು ಹೇಳಿದರೆ ಕೆಲಸದ ಹುಡುಗರು ಕಂಪ್ಯೂಟರ್ ನೋಡುವ ಮೊದಲು ಕಪಾಟಿನ ಕಡೆ ನಡೆಯುತ್ತಾರೆ. ಶಾನಭಾಗರ ಶಾಲೆ ಪೂರ್ತಿ ಮುಚ್ಚಿಲ್ಲ ಎಂದು ಅನಿಸುವುದು ಆಗ.

ಕಷ್ಟ ಈಗ ಬೇರೆ ತರಹದ್ದು. ಪುಸ್ತಕ ಆರಿಸಿ, ಹಿಂಬದಿಯ ರಟ್ಟು ಓದಿ, ಮೊಬೈಲಿನಲ್ಲಿ ಫೋಟೋ ಹೊಡೆದು, ಅಲ್ಲೇ ನಿಂತು ಆನ್‌ಲೈನ್ ಬೆಲೆ ನೋಡಿ ಆರ್ಡರ್ ಮಾಡಿ ಹೊರಡುವವರಿದ್ದಾರೆ. ಗಲ್ಲಾದಲ್ಲಿರುವವರು ನೋಡಿಯೂ ನೋಡದಂತಿರುತ್ತಾರೆ, ಗದರಿಸುವುದಿಲ್ಲ. 1948ರ ಆ ಪಾಠ ಇನ್ನೂ ಚಾಲ್ತಿಯಲ್ಲಿದೆ, ಅದರ ಬೆಲೆ ಕಟ್ಟುವವರು ಮಾತ್ರ ಅಂಗಡಿಯವರು. 2018ರಲ್ಲಿ ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿ ಸುಂದರಗೊಳಿಸಿದ ಮೇಲೆ ಜನ ಹೆಚ್ಚಿದ್ದಾರೆ. ಅದೇ ವರ್ಷ ಮುಂಬಯಿಯ ಸ್ಟ್ರ್ಯಾಂಡ್ ಮುಚ್ಚಿತು. ಟಿ.ಎಸ್. ಶಾನಭಾಗರು 2021ರ ಮೇ ತಿಂಗಳಲ್ಲಿ, ಕೋವಿಡ್ ಉಲ್ಬಣಿಸಿ ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದ ಹೊತ್ತಿನಲ್ಲಿ, ತೀರಿಕೊಂಡರು. ಒಂದೆಡೆ ಸೇರಿ ನೆನೆಯುವುದಕ್ಕೂ ಆಗಲಿಲ್ಲ. ಹನ್ನೆರಡು ವರ್ಷದ ಹಿಂದೆ ಮುಚ್ಚಿದ ಅಂಗಡಿಯ ಯಜಮಾನರಿಗಾಗಿ ಜನ ಪತ್ರಿಕೆಗಳಲ್ಲಿ, ಮೊಬೈಲುಗಳಲ್ಲಿ ಪುಟಗಟ್ಟಲೆ ಬರೆದರು. ಅವುಗಳಲ್ಲಿ ಬಹುಪಾಲು ಕೇಳದೆಯೇ ಮುಂದಿಟ್ಟ ಯಾವುದೋ ಒಂದು ಪುಸ್ತಕದ ನೆನಪು.

ಚರ್ಚ್ ಸ್ಟ್ರೀಟಿಗೆ ಹೋಗುವವರು ಸಾಧ್ಯವಾದರೆ ವಾರದ ಮಧ್ಯದಲ್ಲಿ, ಊಟದ ಹೊತ್ತು ಕಳೆದ ಮೇಲೆ ಹೋಗಿ. ಭಾನುವಾರ ಸಂಜೆ ಸೆಲ್ಫಿಯವರ ನೂಕುನುಗ್ಗಲು. ವಾರದ ದಿನ ಗಲ್ಲಾದಲ್ಲಿರುವವರಿಗೆ ಬಿಡುವಿರುತ್ತದೆ, ಪುಸ್ತಕದ ಹೆಸರು ಮರೆತಿದ್ದರೂ ‘ನೀಲಿ ರಟ್ಟು, ಹೋದ ತಿಂಗಳು ಆ ಮೂಲೆಯಲ್ಲಿತ್ತು’ ಎಂದು ಕೇಳಬಹುದು. ಹಾಗೆ ಕೇಳಬಹುದಾದ ಅಂಗಡಿಗಳು ಈ ಊರಿನಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಬಾಡಿಗೆ ಕರಾರು ಎಲ್ಲಕ್ಕೂ ಇರುತ್ತದೆ.