ಬೆಂಕಿಯ ಸುಳಿಗಳು

ಮಕ್ಕಳೇ, ಊದುಬತ್ತಿಯ ಹೊಗೆಯನ್ನು ಗಮನಿಸಿದ್ದೀರಾ? ಮೊದಲು ನೆಟ್ಟಗೆ ಏರುತ್ತದೆ, ಆಮೇಲೆ ಸುಳಿಸುಳಿಯಾಗುತ್ತದೆ. ದೊಡ್ಡ ಬೆಂಕಿಯ ಬಿಸಿಗಾಳಿಯಲ್ಲಿಯೂ ಇಂತಹ ಸುಳಿಗಳಿರುತ್ತವೆ.

ಬೆಂಕಿ ಹರಡುವ ರೀತಿಯನ್ನು ಅರಿಯಲು ವಿಜ್ಞಾನಿಗಳು ಗಣಕಯಂತ್ರದಲ್ಲಿ ಕಟ್ಟಡದ ಒಳಜಾಗವನ್ನು ಸಾವಿರಾರು ಚಿಕ್ಕ ಪೆಟ್ಟಿಗೆಗಳಾಗಿ ವಿಂಗಡಿಸುತ್ತಾರೆ. ಪ್ರತಿ ಪೆಟ್ಟಿಗೆಯಲ್ಲಿ ಗಾಳಿಯ ವೇಗವೆಷ್ಟು, ಬಿಸಿಯೆಷ್ಟು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಪೆಟ್ಟಿಗೆಗಿಂತ ಚಿಕ್ಕ ಸುಳಿಗಳು ನೇರ ಲೆಕ್ಕಕ್ಕೆ ಸಿಗುವುದಿಲ್ಲ. ಅವುಗಳ ಪ್ರಭಾವವನ್ನು ಸೂತ್ರಗಳಿಂದ ಅಂದಾಜು ಮಾಡುತ್ತಾರೆ.

ಇದರಿಂದ ಏನು ಪ್ರಯೋಜನ? 1987ರ ನವೆಂಬರ್ 18ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ಸುರಂಗ ರೈಲು ನಿಲ್ದಾಣದಲ್ಲಿ, ಮರದಿಂದ ಮಾಡಿದ ಚಲಿಸುವ ಮೆಟ್ಟಿಲುಗಳಿಗೆ ಬೆಂಕಿ ಹತ್ತಿತು. 31 ಜನ ಸತ್ತರು. ಜ್ವಾಲೆ ನೆಟ್ಟಗೆ ಏಳದೆ, ಮೆಟ್ಟಿಲಿಗೆ ಅಂಟಿಕೊಂಡೇ ಮೇಲಕ್ಕೆ ನುಗ್ಗಿತೆಂದು ಗಣಕಯಂತ್ರ ತೋರಿಸಿತು. ಹಲವರು ನಂಬಲಿಲ್ಲ. ಮೂರರಲ್ಲೊಂದು ಅಳತೆಯ ಮಾದರಿ ಕಟ್ಟಿ, ಉರಿಸಿ ನೋಡಿದರು. ಲೆಕ್ಕ ಸರಿಯಾಗಿತ್ತು! ಮುಂದೆ ಅಲ್ಲಿನ ಸುರಂಗ ನಿಲ್ದಾಣಗಳಲ್ಲಿ ಮರದ ಮೆಟ್ಟಿಲುಗಳನ್ನು ತೆಗೆದು ಲೋಹದವುಗಳನ್ನು ಹಾಕಿದರು.